ಉಪ್ಪು ಹಿಟ್ಟಿನ ಗುಂಡು

ಊರಿಗೆಲ್ಲ ಅವಳು ಡಬ್ಬಿ ಟೀಚರ್. ಸೋಪಿನ ಪೊಟ್ಟಣ, ಬಿಸ್ಕತ್ತಿನ ಡಬ್ಬ, ದಾರ ಮುಗಿದ ಉರುಳೆ, ಹೀಗೆ ಯಾರು ಏನನ್ನು ಬಿಸಾಡಲು ಹೊರಟರೂ ಅವಳ ಕೈ ಅಡ್ಡ ಬರುತ್ತಿತ್ತು. ಅವಳು ಇದ್ದದ್ದು ತಂಗಿಯ ಮನೆಯಲ್ಲಿ. ಮಂಚದ ಕೆಳಗೆ, ಬೀರುವಿನ ಮೇಲೆ, ಬಚ್ಚಲ ಅಟ್ಟದಲ್ಲಿ ಎಲ್ಲೆಲ್ಲೂ ಡಬ್ಬಿಗಳು. ಈ ಮನೆಯಲ್ಲಿ ನಾವಿರಬೇಕೋ ನಿನ್ನ ಡಬ್ಬಿಗಳಿರಬೇಕೋ ಎಂದು ತಂಗಿ ವಾರಕ್ಕೊಮ್ಮೆ ಜಗಳ ತೆಗೆಯುತ್ತಿದ್ದಳು. ತೆಗೆದು, ಖಾಲಿಯಾದ ಚಹಾಪುಡಿ ಡಬ್ಬವನ್ನು ತಾನೇ ತೊಳೆದು ಒಣಗಿಸಿಡುತ್ತಿದ್ದಳು.

ಈ ಹುಚ್ಚು ಅಪ್ಪನಿಂದ ಬಂದದ್ದು. ಅಪ್ಪ ಮನೆಯ ಮುಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುತ್ತಿದ್ದ. ಅಕ್ಷರ ಕಲಿಯುವ ಮೊದಲೇ ಅವಳಿಗೆ ಚಪ್ಪಟೆ ಹಾಳೆಯನ್ನು ಎಲ್ಲಿ ಮಡಚಿದರೆ ಅದು ಎದ್ದು ಕೂರುತ್ತದೆ ಎಂಬುದು ಗೊತ್ತಿತ್ತು. ಶಿಶುವಿಹಾರದ ಟೀಚರಾದ ಮೇಲೂ ಅವಳು ಪಾಠ ಶುರು ಮಾಡುತ್ತಿದ್ದದ್ದು ಅಲ್ಲಿಂದಲೇ. ಸೋಪಿನ ಪೊಟ್ಟಣದ ಅಂಟು ಬಿಡಿಸಿ ನೆಲದ ಮೇಲೆ ಹರಡಿ, "ನೋಡಿ, ಮಲಗಿದೆ" ಎನ್ನುವಳು. ಮತ್ತೆ ಮಡಚಿ, "ಈಗ ಎದ್ದಿದೆ" ಎನ್ನುವಳು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆಕಾರಗಳ ಚಿತ್ರಪಟವೆಂದರೆ ಮಾತ್ರ ಅವಳಿಗೆ ಆಗಿಬರುತ್ತಿರಲಿಲ್ಲ. ಒಮ್ಮೆ ಅಂಥದೊಂದನ್ನು ಮಾರಲು ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ, ಆ ಕಾಗದದ ಚೆಂಡನ್ನು ಸ್ವಲ್ಪ ಉರುಳಿಸಿ ತೋರಿಸಪ್ಪಾ ಎಂದು ಕೇಳಿ ಕಳಿಸಿದ್ದಳು.

ಅವಳ ತರಗತಿಗೆ ಎರಡು ಕಟ್ಟಳೆಗಳಿದ್ದವು. ಮಗುವಿನ ಮುಷ್ಟಿಗಿಂತ ಚಿಕ್ಕದು ಯಾವುದೂ ಒಳಗೆ ಬರಕೂಡದು. ಆಕಾರ ಮಾಡಲು ಕೊಡುವ ಹಿಟ್ಟಿಗೆ ಉಪ್ಪನ್ನು ಸುರಿದು ಕಲಸಬೇಕು. ಒಮ್ಮೆ ನೆಕ್ಕಿದ ಮಗು ಇನ್ನೊಮ್ಮೆ ಅದರ ತಂಟೆಗೆ ಹೋಗಬಾರದು. ಇಷ್ಟು ವರ್ಷ ಅವಳು ಎರಡನ್ನೂ ಮೀರಿರಲಿಲ್ಲ.

ಆ ದಿನ ಮೀರಿದಳು. ತರಗತಿಗೆ ಇದ್ದದ್ದು ಒಂದೇ ಚೆಂಡು, ಅದು ಬೆಳಿಗ್ಗೆಯೇ ಗೋಡೆ ಹಾರಿ ಪಕ್ಕದ ಬೀಗ ಹಾಕಿದ ಕಾಂಪೌಂಡಿಗೆ ಬಿದ್ದಿತ್ತು. ಗುಂಡಗಿನ ವಸ್ತುವಿಲ್ಲದೆ ಗುಂಡನ್ನು ಕಲಿಸುವುದು ಹೇಗೆ? ಕೈಚೀಲ ತಡಕಿದಾಗ ತಂಗಿಯ ಮೊಮ್ಮಗನ ನೀಲಿ ಗಾಜಿನ ಗೋಲಿ ಸಿಕ್ಕಿತು. ಒಂದು ದಿನಕ್ಕೆ ಏನು ಮಹಾ ಆಗಿಬಿಡುತ್ತದೆ ಎಂದುಕೊಂಡಳು. ಯಾರೂ ಬಾಯಿಗೆ ಹಾಕಬಾರದು ಎಂದು ಎಚ್ಚರಿಸಿ, ಕೈಯಿಂದ ಕೈಗೆ ದಾಟಿಸಿದಳು. ಆಮೇಲೆ ಎಲ್ಲರಿಗೂ ಹಿಟ್ಟು ಹಂಚಿದಳು. ಗುಂಡು ಕಟ್ಟುವ ಗಲಾಟೆಯಲ್ಲಿ ಗೋಲಿಯ ನೆನಪೇ ಹಾರಿಹೋಯಿತು.

ನೆನಪಾಗುವಷ್ಟರಲ್ಲಿ ಮನೆಗೆ ಬಿಡುವ ಹೊತ್ತು. ಗೋಲಿ ಮೇಜಿನ ಮೇಲಿರಲಿಲ್ಲ, ಚಾಪೆಯ ಕೆಳಗಿರಲಿಲ್ಲ, ಯಾರ ಜೇಬಿನಲ್ಲೂ ಇರಲಿಲ್ಲ. ಆಯಾ ಸೊಂಟ ಹಿಡಿದುಕೊಂಡು ಬೆಂಚುಗಳಡಿ ತೆವಳಿ ಬರಿಗೈಯಲ್ಲಿ ಎದ್ದಳು. ಕೊನೆಗೆ ಗೋಲಿ ಯಾರ ಕೈಯಲ್ಲಿತ್ತು ಎಂದು ಟೀಚರ್ ಕೇಳಿದ್ದೇ ತಡ, ಅಷ್ಟೂ ಬೆರಳುಗಳು ಒಬ್ಬನತ್ತ ತಿರುಗಿದವು.

ಅವನು ಬಕಾಸುರ. ಕಂಡಕ್ಟರಮ್ಮನ ಒಬ್ಬನೇ ಮಗ. ಸೀಮೆಸುಣ್ಣ, ಅಂಗಿಯ ಕಾಲರು, ಪಕ್ಕದವಳ ಜಡೆಯ ತುದಿ, ಎಲ್ಲ ಅವನ ಬಾಯಿಗೆ ಹೋಗಿ ಬಂದವೇ. ಆ ಹೆಸರಿಟ್ಟವಳು ಟೀಚರೇ.

ಅವನ ಬಾಯಿ ತೆರೆಸಿ ನೋಡಿದಳು. ಹಲ್ಲು, ನಾಲಿಗೆ, ಅಷ್ಟೇ.

"ಗೋಲಿ ನುಂಗಿದ್ಯಾ ಪುಟ್ಟಾ?"

"ಹೂಂ."

ಆದರೆ ಈ ಮಹಾರಾಯ ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಆಸಾಮಿ. ಮೇಜನ್ನೂ ನುಂಗಿದೆಯಾ ಎಂದು ಕೇಳಿದಳು. ಅದಕ್ಕೂ ಹೂಂ. ಆ ಹೂಂಗಳಲ್ಲಿ ನಿಜ ಯಾವುದೆಂದು ಅವಳಿಗೆ ತಿಳಿಯಲಿಲ್ಲ.

ಗೇಟಿನ ಬಳಿ ಅವನಮ್ಮ ಬಂದು ನಿಂತಿದ್ದಳು, ಖಾಕಿ ಅಂಗಿ, ಹೆಗಲಲ್ಲಿ ಟಿಕೆಟಿನ ಚೀಲ. ಇನ್ನೊಂದು ಸುತ್ತು ಹುಡುಕೋಣ, ಆಮೇಲೆ ಹೇಳೋಣ ಎಂದು ಆಯಾ ಪಿಸುಗುಟ್ಟಿದಳು. ಟೀಚರಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಆದರೆ ಮಗುವಿನ ಗಂಟಲಿನ ವಿಷಯದಲ್ಲಿ ಮೀನಮೇಷ ಎಣಿಸುವಂತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನೇರ ಗೇಟಿಗೆ ಹೋದಳು.

"ನಿಮ್ ಮಗ ಗೋಲಿ ನುಂಗಿರಬಹುದು. ಅದನ್ನ ತರಗತಿಗೆ ತಂದಿದ್ದು ನಾನೇ. ತಪ್ಪು ನಂದು. ಬನ್ನಿ, ಈಗಲೇ ಆಸ್ಪತ್ರೆಗೆ ಹೋಗೋಣ."

ಕಂಡಕ್ಟರಮ್ಮನ ಮುಖ ಬಿಳಿಚಿಕೊಂಡಿತು. ತುಂಬಿದ ಬಸ್ಸನ್ನು ಒಂದೇ ಕೂಗಿಗೆ ಹಿಂದೆ ಸರಿಸುವ ಹೆಂಗಸು ಒಂದೂ ಮಾತಾಡದೆ ಒಳಗೆ ಓಡಿ ಮಗನ ರಟ್ಟೆ ಹಿಡಿದಳು. ಅವನೋ ನೆಲಕ್ಕೆ ಕಾಲು ಊರಿ ನಿಂತುಬಿಟ್ಟ. ಹಿಟ್ಟು ಕಲಸಿದ ದಿನ ಎಲ್ಲರೂ ಮಾಡಿದ್ದನ್ನು ಓರೆ ಹಲಗೆಯ ಮೇಲೆ ಬಿಟ್ಟು ನೋಡಿಯೇ ಮನೆಗೆ ಹೋಗುವುದು ಅಲ್ಲಿನ ವಾಡಿಕೆ. ಪೆಟ್ಟಿಗೆ ಕೂರುತ್ತದೆ, ಗುಂಡು ಉರುಳುತ್ತದೆ. ಅವನ ಗುಂಡು ಇನ್ನೂ ಉರುಳಿರಲಿಲ್ಲ. ಅಮ್ಮ ಎತ್ತಿಕೊಳ್ಳಲು ಬಗ್ಗಿದಾಗ ಕೈ ಕೊಸರಿಕೊಂಡು ಓಡಿ, ಕಿಟಕಿಯ ಬಳಿ ಒಣಗಲು ಇಟ್ಟಿದ್ದ ತನ್ನ ಗುಂಡನ್ನು ತಂದು ಹಲಗೆಯ ಮೇಲೆ ಬಿಟ್ಟ.

ಬೇರೆ ಮಕ್ಕಳ ಗುಂಡುಗಳೆಲ್ಲ ಅರ್ಧ ದಾರಿಗೆ ಸುಸ್ತಾಗಿ ಚಪ್ಪಟೆಯಾಗುವಂಥವು. ಇದು ದಡದಡನೆ ಇಳಿದು, ನೆಲ ದಾಟಿ, ಗೋಡೆಗೆ ಠಕ್ಕೆಂದು ಬಡಿದು ಬಿರಿಯಿತು. ಬಿರುಕಿನೊಳಗೆ ನೀಲಿ ಗಾಜು ಹೊಳೆಯಿತು.

ಟೀಚರ್ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕುಸಿದು ಕೂತಳು. ಹೋದ ಜೀವ ಬಂದಂತಾಗಿತ್ತು. ಕಂಡಕ್ಟರಮ್ಮ ಮಗನನ್ನು ತಬ್ಬಿಕೊಂಡು ಒಮ್ಮೆ ನಕ್ಕಳು, ಒಮ್ಮೆ ಅತ್ತಳು, ಬೆನ್ನಿಗೆ ಒಂದು ಗುದ್ದೂ ಕೊಟ್ಟಳು. ಆಯಾ ಮಾತ್ರ ತನ್ನ ಸೊಂಟಕ್ಕೆ ಇನ್ನು ಯಾರು ದಿಕ್ಕು ಎಂದು ಗೊಣಗಿದಳು.

ಟೀಚರ್ ಅವನನ್ನು ಹತ್ತಿರಕ್ಕೆ ಎಳೆದುಕೊಂಡು, ಗೋಲಿಯನ್ನು ಹಿಟ್ಟಿನೊಳಗೆ ಯಾಕಿಟ್ಟೆ ಎಂದು ಕೇಳಿದಳು. ಗುಂಡು ಚೆನ್ನಾಗಿ ಉರುಳಲಿ ಅಂತ ಇಟ್ಟಿರಬೇಕು ಎಂದುಕೊಂಡಿದ್ದಳು. ಅವನು ಬಿರುಕು ಬಿಟ್ಟ ಗುಂಡನ್ನೇ ನೋಡುತ್ತ ಮುಖ ಊದಿಸಿಕೊಂಡಿದ್ದ.

"ಬಾಯಿಗೆ ಹಾಕ್ಬೇಡ ಅಂದ್ರಲ್ಲ ನೀವು. ನನ್ ಬಾಯಿ ಕೇಳ್ತಾನೇ ಇತ್ತು. ಹಿಟ್ಟು ಉಪ್ಪುಪ್ಪು. ಅದರೊಳಗೆ ಇಟ್ಬಿಟ್ರೆ ತಿನ್ನೋಕಾಗಲ್ಲ."

ಉಪ್ಪು ನೆತ್ತಿಗೇರುವ ಹಿಟ್ಟನ್ನು ಟೀಚರ್ ಕಲಸಿದ್ದೇ ಈ ಮಕ್ಕಳ ಬಾಯಿಗೆ ಹೆದರಿ. ಅದೇ ಹಿಟ್ಟಿನಿಂದ ಇವನು ತನ್ನ ಬಾಯಿಗೆ ತಾನೇ ಬೇಲಿ ಹಾಕಿಕೊಂಡಿದ್ದ, ಆಗ ಅವಳು ಅವನ ಕಡೆ ತಿರುಗಿಯೂ ನೋಡಿರಲಿಲ್ಲ. ಅವನ ಉಪ್ಪು ಮೆತ್ತಿದ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು.

"ಮನೆಗೂ ಒಂದಿಷ್ಟು ಹಿಟ್ಟು ಕೊಡಿ ಟೀಚರ್," ಎಂದಳು ಕಂಡಕ್ಟರಮ್ಮ, ಕಣ್ಣೊರೆಸಿಕೊಳ್ಳುತ್ತ.

ಗೋಲಿ ಆ ಸಂಜೆಯೇ ಮೊಮ್ಮಗನಿಗೆ ಹಿಂದಿರುಗಿತು. ಮರುದಿನದಿಂದ ಟೀಚರ್ ಅವನನ್ನು ಬಕಾಸುರ ಎಂದು ಕರೆಯಲಿಲ್ಲ, ಬೇರೆಯವರನ್ನು ಕರೆಯಗೊಡಲೂ ಇಲ್ಲ. ತರಗತಿಗೆ ಹೊಸದೇನು ಬಂದರೂ ಅದನ್ನು ಮೊದಲು ಅವನ ಮುಷ್ಟಿಯ ಪಕ್ಕ ಹಿಡಿದು, ಒಳಗೆ ಬರಬಹುದಾ ಎಂದು ಅವನನ್ನೇ ಕೇಳುತ್ತಿದ್ದಳು. ಅವನು ಈಗ ಎಲ್ಲದಕ್ಕೂ ಹೂಂ ಅನ್ನುತ್ತಿರಲಿಲ್ಲ. ಒಂದು ದಿನ ಅವಳ ಬೆರಳ ಸಂದಿಯಲ್ಲಿದ್ದ ಸೀಮೆಸುಣ್ಣದ ಮೋಟುತುಂಡನ್ನು ಇಸಿದುಕೊಂಡು, ತನ್ನ ಮುಷ್ಟಿಗೆ ಹಿಡಿದು ನೋಡಿ, ಬೇಡವೆಂದು ತಲೆಯಾಡಿಸಿ ಅವಳ ಕೈಚೀಲದೊಳಗೆ ಹಾಕಿ ಜಿಪ್ಪೆಳೆದ. ಬೋರ್ಡಿನ ಮೇಲೆ ಅರ್ಧ ಬರೆದದ್ದನ್ನು ಹಾಗೇ ಬಿಟ್ಟು, ಡಬ್ಬಿ ಟೀಚರ್ ಹೊಸ ಸೀಮೆಸುಣ್ಣ ತರಲು ಹೋದಳು.