ಗೆಜ್ಜಿ ಕಟ್ಟಿದ ಕಾರು

ನಮ್ಮ ಬಾಜು ಮನಿ ಕಾಕಾ ತೀರಿದ ಮ್ಯಾಲೂ ಕಾಕು ಗಂಡನ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾರಲಿಲ್ಲ. ನಮ್ಮೂರು ಸಂಶಿಯ ಕರಿ ಎರಿಮಣ್ಣಿನ ಹಾದಿಯೊಳಗ ತಾನೇ ಗೇರು ಬದಲಿಸಿ ಓಡಿಸುತ್ತಿದ್ದಳು. ಏನರೆ ಸಪ್ಪಳ ಬಂದರ ಸೆರಗು ಸಿಗಿಸಿ, "ಎಲ್ಲೈತಿ, ಹುಡುಕೂಣು" ಅನ್ನಾಕಿ.

ಎಳ್ಳ ಅಮಾಸಿ ಹತ್ತಿರ ಬಂತು. ಭೂಮಿತಾಯಿಗೆ ಎಡಿ ಹಿಡಿದು ಚರಗ ಚೆಲ್ಲಲು ಊರೆಲ್ಲ ಎತ್ತಿನ ಚಕ್ಕಡಿ ಹೂಡಿ ಹೊಲಕ್ಕೆ ಹೋಗುವ ಹಬ್ಬ. ಕಾಕುನ ಮೈದುನ ಹೇಳಿದ: "ವೈನಿ, ನಿಮ್ಮ ಕಾರಿನ ಸಪ್ಪಳಕ್ಕ ಎತ್ತು ಬೆದರತಾವ. ಹೆಂಗಸರ ಜೋಡಿ ಚಕ್ಕಡ್ಯಾಗ ಬರ್ರಿ."

"ಎಲ್ಲೈತಿ, ಹುಡುಕೂಣು" ಅಂತ ಕಾಕು ಕಾರಿನ ಕೆಳಗ ಹೊಕ್ಕಳು. ತೂತಾದ ಸೈಲೆನ್ಸರ್ ಬಿಚ್ಚಿ, ಹುಬ್ಬಳ್ಳಿಯಿಂದ ಚಲೋದು ತರಿಸಿ ಕೂಡಿಸಿದಳು.

ಅಮಾಸಿ ದಿನ ಮೈದುನ ಮತ್ತ ಅಡ್ಡ ನಿಂತ. "ಸಪ್ಪಳಿಲ್ಲದಂಗ ಹಿಂದಿಂದ ಬಂದ್ರ ಇನ್ನೂ ಬೆದರತಾವ್ರಿ."

ಕಾಕು ಎತ್ತಿನ ಕೊರಳ ಗೆಜ್ಜಿಸರ ತಂದು ಬಂಪರಿಗೆ ಬಿಗಿದಳು. "ಎತ್ತು ಬೆದರೂದಿಲ್ಲ. ನೀ ಬೆದರಬ್ಯಾಡಪಾ" ಅಂದಾಕಿ, ಘಲಘಲ ಅನಿಸುತ್ತ ಎಲ್ಲ ಚಕ್ಕಡಿಗಿಂತ ಮುಂದ ಹೊಲ ಮುಟ್ಟಿದಳು.