ದೇವರು ಮಲಗುವ ಹೊತ್ತಿಗೆ ದೇವರು ಎದ್ದವು

ನಮ್ಮ ದಂಡೋತಿಯಲ್ಲಿ ದೇವರಿಗೆ ಎರಡು ವ್ಯಾಕರಣ. ನಮ್ಮಂಥ ವೈಷ್ಣವರ ಮನೆಯ ದೇವರು ‘ಮಲಗ್ತಾರ’, ‘ಏಳ್ತಾರ’. ಮೊಹರಮ್ಮಿನ ದೇವರು ‘ಕುಂದ್ರತಾವ’, ‘ಏಳತಾವ’, ‘ಹೊಳಿಗಿ ಹೋಗತಾವ’. ಕೋಲಿಗೆ ಸಿಕ್ಕಿಸಿ ಬಣ್ಣದ ಬಟ್ಟೆ ಕಟ್ಟಿದ ಹಿತ್ತಾಳೆಯ ಹಸ್ತಗಳವು. ಅವನ್ನು ಹಿಡಿಯುವವರಲ್ಲಿ ಲಿಂಗವಂತರ ಮನೆಯವರೂ ಇದ್ದರು. ಇದರಲ್ಲಿ ಬೆರಗಾಗುವಂಥದ್ದೇನಾದರೂ ಇದೆ ಎಂದು ಊರಲ್ಲಿದ್ದಷ್ಟು ಕಾಲ ನನಗೆ ಹೊಳೆದಿರಲೇ ಇಲ್ಲ.

ಹೊಳೆದದ್ದು ತೊಂಬತ್ತರ ದಶಕದ ಮೊದಲಲ್ಲಿ, ಎಂ.ಎ. ಓದುವಾಗ. ಸತ್ತು ಏಳುವ ಈಜಿಪ್ಟಿನ ದೇವರು, ವರ್ಷದಲ್ಲಿ ಕೆಲವು ತಿಂಗಳು ಪಾತಾಳದಲ್ಲಿ ಕಳೆಯುವ ಗ್ರೀಕರ ಕನ್ಯೆ, ಇವರನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ವಾಡಿಯಲ್ಲಿ ರೈಲು ಇಳಿದು, ಚಿತ್ತಾಪುರದ ಮೇಲೆ ಬಸ್ಸು ಹಿಡಿದು ಊರಿಗೆ ಬಂದೆ. ಮರುದಿನ ಆಷಾಢದ ಏಕಾದಶಿ. ವಿಷ್ಣು ನಾಲ್ಕು ತಿಂಗಳ ನಿದ್ದೆಗೆ ಹೋಗುವ ದಿನ. ಅದೇ ದಿನ ಮೊಹರಮ್ಮಿನ ದೇವರು ಎದ್ದು ಹೊಳೆಗೆ ಹೋಗುವುದು! ನೆನಪೇ ಎರಡು ದಿನಗಳನ್ನು ಸೇರಿಸಿ ಹೊಲಿಯಿತೇನೋ ಎಂಬ ಗುಮಾನಿಯಿಂದ ಎಷ್ಟೋ ವರ್ಷಗಳ ಮೇಲೆ ಹಳೆಯ ಪಂಚಾಂಗ ತೆಗೆದು ನೋಡಿದ್ದೇನೆ. ಎರಡಕ್ಕೂ ಲೆಕ್ಕ ಒಂದೇ ಚಂದ್ರನದು. ಆ ವರ್ಷ ಕೂಡಿಬಂದಿದ್ದವು.

ಪುಸ್ತಕದಲ್ಲಿ ಓದಿದ್ದು ನಮ್ಮ ಓಣಿಯಲ್ಲೇ ನಡೆಯಲಿದೆ ಎಂದು ನಾನು ಕುಣಿಯುವಂತಾಗಿದ್ದೆ. ಅಜ್ಜಿಗೆ ಮಾತ್ರ ಚಿಂತೆ. ಹೊಳೆಗೆ ಹೋಗುವ ದೇವರ ಹಾದಿ ನಮ್ಮ ಬಾಗಿಲ ಮುಂದೆಯೇ. ಅವುಗಳ ಮುಂದೆ ಬಾರಿಸುವ ಹಲಗಿಯ ಸದ್ದಿಗೆ ಮಲಗಿದ ದೇವರು ಎಚ್ಚರಾದರೆ? ಎದುರು ಮನೆಯ ಗೌಡರು ದೊಡ್ಡ ದೇವರನ್ನು ಹಿಡಿಯುವವರು. ಬೆಳಿಗ್ಗೆಯೇ ಅವರನ್ನು ಕರೆದಳು.

“ತಮ್ಮಾ, ಸಂಜೀಕ ನಮ್ಮ ದೇವರು ಮಲಗ್ತಾರ. ನಿಮ್ಮ ದೇವರಿಗಿ ಈ ಓಣ್ಯಾಗ ಜರಾ ಸಾವಕಾಶ ಹೋಗಂತ ಹೇಳು. ಹಲಗಿ ಬಾರಸಬ್ಯಾಡ್ರಿ.”

“ನಿಮ್ಮವರ ಡ್ಯೂಟಿ ಮುಗೀತು, ನಮ್ಮವು ಡ್ಯೂಟಿಗಿ ಹತ್ತತಾವ ಅನ್ರಿ ಬಾಯಾರ. ಶಹಾಬಾದ್ ಫ್ಯಾಕ್ಟರಿ ಶಿಫ್ಟ್ ಇದ್ದಂಗ!”

“ನಗಬ್ಯಾಡ. ಅವರು ಎಚ್ಚರಾದ್ರ ನನ್ನ ನಾಕು ತಿಂಗಳ ವ್ರತ ಕೆಡ್ತದ.”

ಗೌಡರ ನಗೆ ನಿಂತಿತು. “ಓಣಿ ಮೂಲ್ಯಾಗ ಹಲಗಿ ಬಂದ್. ನನ್ನ ಮಾತು.”

ಸಂಜೆ, ಮಳೆ ಬಿಟ್ಟು ಎಳೆ ಬಿಸಿಲು ಬಿದ್ದಿತ್ತು. ಬೆಳಗಿನಿಂದ ಹನಿ ನೀರೂ ಕುಡಿಯದ ಅಜ್ಜಿ, ಅಂಗೈಯಗಲದ ಹಾಸಿಗೆಯ ಮೇಲೆ ಹಿತ್ತಾಳೆಯ ಕೃಷ್ಣನನ್ನು ಮಲಗಿಸಿ, ಹತ್ತಿ ತುಂಬಿದ ದಿಂಬು ಸರಿಮಾಡಿ ಹೊದಿಸಿದಳು. ಅಷ್ಟರಲ್ಲಿ ಹಲಗಿ ಕೇಳಿಸಿತು. ನಾನು ಬಾಗಿಲಿಗೆ ಓಡಿದೆ. ಜನ, ಊದಿನ ಹೊಗೆ, ಅದರ ಮೇಲೆ ಥಳಥಳ ಹೊಳೆಯುವ ಹಸ್ತಗಳು. ಓಣಿಯ ಮೂಲೆಗೆ ಬಂದದ್ದೇ ಹಲಗಿ ನಿಂತಿತು. ಗೌಡರು ಮಾತು ಉಳಿಸಿಕೊಂಡಿದ್ದರು.

ಆದರೆ ದೇವರೂ ನಿಂತುಬಿಟ್ಟವು, ಸರಿಯಾಗಿ ನಮ್ಮ ಬಾಗಿಲ ಮುಂದೆ.

ದೇವರು ಮೈತುಂಬಿ ಗೌಡರು ಗಡಗಡ ನಡುಗುತ್ತಿದ್ದರು. ಬೆಳಿಗ್ಗೆ ಚೇಷ್ಟೆ ಮಾಡಿದ ಮನುಷ್ಯ ಇವರೇ ಹೌದೋ ಅಲ್ಲವೋ ಎನ್ನುವಂಥ ಮುಖ. ಅಜ್ಜಿ ಕೊಡ ತಂದು ಅವರ ಕಾಲಿಗೆ ನೀರು ಹಾಕಿದಳು. ಮಡಿಯಲ್ಲಿದ್ದವಳು, ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಆದರೂ ದೇವರು ಅಲುಗಲಿಲ್ಲ.

ಹಲಗಿಯವನು ಮುಂದೆ ಬಂದು ಮೆಲ್ಲಗೆ ಹೇಳಿದ: “ಬಾಯಾರ, ಹಲಗಿ ಇಲ್ದ ದೇವರು ಹೆಜ್ಜಿ ಕೀಳಂಗಿಲ್ಲ. ಹೊತ್ತು ಮುಳುಗೋದ್ರಾಗ ಹೊಳಿ ಮುಟ್ಟಬೇಕು.”

“ಒಬ್ಬರ ದೇವರ ನಿದ್ದಿ ಸಲುವಾಗಿ ಊರ ದೇವರು ಇಲ್ಲೇ ವಸ್ತಿ ಮಾಡಬೇಕೇನು?” ಹಿಂದಿನಿಂದ ಯಾರೋ ಅಂದರು. “ಏ, ಸುಮ್ನಿರಲೇ,” ಅಂತ ಇನ್ನೊಬ್ಬರು ಗದರಿದರು. ಇಡೀ ಓಣಿ ಅಜ್ಜಿಯ ಮುಖ ನೋಡುತ್ತಿತ್ತು. ಹಲಗಿಯವನ ಕೋಲು ಗಾಳಿಯಲ್ಲೇ ತಡೆದು ನಿಂತಿತ್ತು.

ಅಜ್ಜಿ ಒಳಗೆ ಹೋದಳು. ಸಿಟ್ಟಾದಳೆಂದೇ ತಿಳಿದೆ. ಹೊರಗೆ ಬಂದಾಗ ಅವಳ ಎದೆಗೊತ್ತಿ ಕೃಷ್ಣನಿದ್ದ, ಹೊದಿಕೆ ಸಮೇತ.

“ಬಾರಸ್ರಿ,” ಅಂದಳು. “ನಮ್ಮವರು ಇನ್ನೂ ಮಲಗಿಲ್ಲ. ಅವರೂ ನೋಡ್ತಾರಂತ. ಆಮ್ಯಾಗ ಮಲಗ್ತಾರ.”

ಅವಳು ನಿಜಕ್ಕೂ ಹೊಸ್ತಿಲು ದಾಟಿದಳೇ? ಇಲ್ಲ, ಕಿಟಕಿಯಲ್ಲಷ್ಟೇ ಎತ್ತಿ ತೋರಿಸಿದಳು ಎಂದು ಅವತ್ತು ಮನೆಯಲ್ಲೇ ಇದ್ದ ನನ್ನ ಅಕ್ಕ ಇವತ್ತಿಗೂ ವಾದಿಸುತ್ತಾಳೆ. ಅವಳು ಹೇಳುವುದೇ ಸರಿ ಇರಬಹುದು. ನಾನು ಬಹಳ ಓದಿಕೊಂಡಿದ್ದೆ, ಎರಡು ದೇವರ ಮುಖಾಮುಖಿ ನನಗೆ ಬೇಕಾಗಿತ್ತು. ಆದರೆ ‘ಬಾರಸ್ರಿ’ ಎಂಬ ಮಾತು ಇಬ್ಬರಿಗೂ ಕೇಳಿಸಿದೆ. ಹಲಗಿ ಸಿಡಿಲಿನಂತೆ ಎದ್ದಿತು. ಗೌಡರು ಒಮ್ಮೆ ಗಿರ್ರನೆ ತಿರುಗಿ ಹೆಜ್ಜೆ ಕಿತ್ತರು. ಹಸ್ತಗಳೆಲ್ಲ ಬಾಗಿ, ಎದ್ದು, ಕಾಗಿಣಾ ಹೊಳೆಯ ಕಡೆಗೆ ಓಡಿದವು. ನಾನು ಕೂಗಿದೆನೋ, ಅತ್ತೆನೋ ಗೊತ್ತಿಲ್ಲ. ಗಂಟಲಂತೂ ಎರಡು ದಿನ ಹಿಡಿದುಕೊಂಡಿತ್ತು.

ಒಳಗೆ ಬಂದಾಗ ಅಜ್ಜಿ ಕೃಷ್ಣನನ್ನು ಮತ್ತೆ ಮಲಗಿಸಿ ಎರಡು ಬೆರಳಿಂದ ತಟ್ಟುತ್ತಿದ್ದಳು. ಹೊಳೆಯ ದಂಡೆಯಿಂದ ಹಲಗಿ ಇನ್ನೂ ಕೇಳುತ್ತಿತ್ತು. ಅವಳ ಬೆರಳು ಬೀಳುತ್ತಿದ್ದದ್ದು ಅದೇ ತಾಳಕ್ಕೆ.

“ಮಲಗಿದ್ರೇನಜ್ಜಿ?”

“ಸುಮ್ನಿರ. ಈಗ ಕಣ್ಣು ಮುಚ್ಚಾಕತ್ತಾರ.”