ಎಮ್ಮೆಯ ಮೂತಿಯ ಗಾಯ

ನಾನು ನಿಂತಿದ್ದು ಮೊರಬದ ಒಂದು ದನದ ಮನೆಯಲ್ಲಿ, ಗೋದಲಿಯ ಎಡಕ್ಕೆ, ಎಮ್ಮೆಯ ಮುಖದಿಂದ ಎರಡು ಮೊಳ ದೂರದಲ್ಲಿ. ಎಂಬತ್ನಾಲ್ಕನೆಯ ಇಸವಿ, ಜೋಳದ ಸುಗ್ಗಿ ಮುಗಿದ ಮೇಲಿನ ಒಂದು ಮುಂಜಾನೆ. ಆಗಷ್ಟೇ ಹೊತ್ತು ಮೂಡಿ ಬೆಳಕು ಬಾಗಿಲಿನಿಂದ ನೇರವಾಗಿ ಎಮ್ಮೆಯ ಮುಖದ ಮೇಲೆ ಬಿದ್ದಿತ್ತು. ಸರಿಯಾಗಿ ಕಾಣಲಿಲ್ಲ ಎಂದು ನಾನು ಹೇಳುವಂತಿಲ್ಲ.

ಆ ಊರಿನ ಶಾಲೆಗೆ ನಾನು ಮಾಸ್ತರ. ದಿನಾಲೂ ಆ ಮನೆಗೆ ಹೋಗಿ, ಎದುರಿಗೇ ಹಿಂಡಿಸಿ, ಒಂದು ತಂಬಿಗೆ ಹಾಲು ಕೊಳ್ಳುತ್ತಿದ್ದೆ. ಐದು ವರ್ಷದ ಮಗಳು ವಿಷಮಜ್ವರದಿಂದ ಎದ್ದು ಬಹಳ ಸೊರಗಿದ್ದಳು. ನೊರೆಹಾಲು ಕುಡಿದರೆ ಮೈ ಹಿಡಿಯುತ್ತದೆ ಎಂದು ಎಲ್ಲರೂ ಹೇಳಿದ್ದರಿಂದ ಅವಳನ್ನೂ ಕರೆದೊಯ್ಯುತ್ತಿದ್ದೆ. ಕಾಸದೆ, ಕೆಚ್ಚಲಿನ ಬಿಸಿಯಲ್ಲೇ, ಅವಳು ಅಲ್ಲಿ ನಿಂತು ಒಂದು ಬಟ್ಟಲು ಕುಡಿಯುತ್ತಿದ್ದಳು.

ಆ ಮನೆಯ ಅಜ್ಜಿ ಎಮ್ಮೆಯ ಪಕ್ಕೆಗೆ ಹಣೆ ಒತ್ತಿ ಹಿಂಡುತ್ತಿದ್ದಳು. ಸೊಸೆ ಎಮ್ಮೆಯ ಮುಖದ ಹತ್ತಿರ ಕರುವನ್ನು ಹಿಡಿದು ನಿಂತಿದ್ದಳು. ಎಮ್ಮೆಯ ಮೂತಿಯ ಮೇಲೆ, ಹೊಳ್ಳೆಯ ಕೆಳಗೆ, ಎರಡು ತೂತು. ಸುತ್ತ ಕಪ್ಪುಗಟ್ಟಿದ ರಕ್ತ.

“ಅಪ್ಪಾ, ಎಮ್ಮಿಗೆ ಏನೋ ಕಚ್ಚೇತಿ,” ಎಂದಳು ಮಗಳು.

“ಸುಮ್ನಿರಬೇ. ಹಿಂಡೂ ಮುಂದ ಹಂಗ ಅನಬಾರದು.”

ಹಿಂಡುವಾಗ ಹೈನದ ಎಮ್ಮೆಯನ್ನು ಹೊಗಳಬಾರದು, ಅದರಲ್ಲಿ ಕುಂದು ಎತ್ತಲೂಬಾರದು. ದೃಷ್ಟಿ ತಾಗಿ ಕೆಚ್ಚಲು ಬತ್ತುತ್ತದೆ ಎನ್ನುತ್ತಾರೆ. ಹಾಲು ಕೊಳ್ಳಲು ಬಂದವನಂತೂ ಬಾಯಿ ಬಿಡಲೇಬಾರದು. ನಾನು ಅದನ್ನು ನಂಬಿದ್ದೆನೆಂದಲ್ಲ. ಅದು ಮರ್ಯಾದೆ ಎಂದುಕೊಂಡಿದ್ದೆ.

“ಏನಂತೈತ್ರಿ ಕೂಸು?” ಅಜ್ಜಿ ತಲೆ ಎತ್ತದೆ ನಕ್ಕಳು. “ಹಾಲು ಸಾಲವಲ್ದಂತೇನು? ನಮ್ಮ ಎಮ್ಮಿಕಿಂತ ಅದರ ಹೊಟ್ಟೀನ ದೊಡ್ಡದೈತಿ ತಗೋರಿ!”

“ಏನಿಲ್ಲ ಬಿಡ್ರಿ.”

ಹಿಂಡಿ ಮುಗಿದ ಮೇಲಾದರೂ ಹೇಳಬಹುದಿತ್ತು. ಜಾಲಿಮುಳ್ಳು ಚುಚ್ಚಿರಬೇಕೆಂದುಕೊಂಡೆ. ಮಗಳು ಅಂದೂ ಕುಡಿದಳು, ಮರುದಿನವೂ ಕುಡಿದಳು.

ಮೂರು ವಾರದ ಮೇಲೆ ಎಮ್ಮೆ ಮೇವು ಬಿಟ್ಟಿತು. ಜೊಲ್ಲು ಸುರಿಸುತ್ತ ಒಡಕು ದನಿಯಲ್ಲಿ ಒದರತೊಡಗಿತು. ನವಲಗುಂದದಿಂದ ಬಂದ ದನದ ಡಾಕ್ಟರು ಬಾಗಿಲಲ್ಲೇ ನಿಂತು ನೋಡಿದರು.

“ಹುಚ್ಚನಾಯಿ ಕಡದೈತಿ. ಯಾರೂ ನೋಡಿಲ್ಲೇನು?”

“ನೋಡಿದ್ರ ಹಿಂಡತಿದ್ವೇನ್ರಿ ಸಾಹೇಬ್ರ? ನಾಕು ಮನಿಗೆ ಕೊಡೂ ಹಾಲ ಅದು!” ಸೊಸೆಯ ಪಕ್ಕ ನಿಂತಿದ್ದ ಅಜ್ಜಿ ನನ್ನ ಕಡೆ ತಿರುಗಿದಳು. “ಮಾಸ್ತರ್ರ, ನೀವು ದಿನಾ ಬರತಿದ್ರಿ. ನೀವಾರ ಏನರ ಕಂಡಿದ್ರೇನು?”

“ಇಲ್ರಿ,” ಎಂದೆ.

“ಕಾಸಿ ಕುಡದವರು ಅಂಜಬ್ಯಾಡ್ರಿ,” ಎಂದರು ಡಾಕ್ಟರು. “ಹಸಿ ಹಾಲು ಯಾರು ಕುಡದೀರಿ?”

ಉಳಿದ ಮನೆಯವರೆಲ್ಲ ಕಾಸಿಯೇ ಕುಡಿದಿದ್ದರು. ಮಗಳ ಕೈ ನನ್ನ ಕೈಯಲ್ಲಿತ್ತು. ಇದಕ್ಕೆ ಸುಳ್ಳು ಹೇಳಲಾಗಲಿಲ್ಲ.

ಹುಬ್ಬಳ್ಳಿಯ ದವಾಖಾನೆಯಲ್ಲಿ ದಿನಕ್ಕೊಂದರಂತೆ ಹೊಕ್ಕುಳದ ಸುತ್ತ ಹದಿನಾಲ್ಕು ಸೂಜಿ. ಮೊದಲು ಅವಳ ಕಾಲು ಹಿಡಿದುಕೊಳ್ಳಬೇಕಾಗುತ್ತಿತ್ತು. ಐದನೆಯ ದಿನದಿಂದ ಮೆಟ್ಟಿಲು ಹತ್ತುವಾಗಲೇ ತಾನಾಗಿ ಅಂಗಿ ಎತ್ತಿ ಹಿಡಿಯುತ್ತಿದ್ದಳು. ಆಮೇಲೆ ವರ್ಷವಿಡೀ, ಅವಳು ನೀರು ಕುಡಿದಾಗಲೆಲ್ಲ ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಏನೂ ಆಗಲಿಲ್ಲ.

ಅಜ್ಜಿ ಬದುಕಿರುವತನಕ, ಕಂಡಾಗಲೆಲ್ಲ ಮಗಳ ಗಲ್ಲ ಸವರಿ, “ನಂದು ತಪ್ಪಾತವ್ವಾ,” ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಮಗಳಿಗೆ ಈಗ ಸೂಜಿಗಳು ನೆನಪಿವೆ, ಗಾಯ ಕಂಡದ್ದು ನೆನಪಿಲ್ಲ. ಸೊಸೆ ಈಗಲೂ ಮೊರಬದಲ್ಲಿ ಅದೇ ಮನೆಯಲ್ಲಿದ್ದಾಳೆ. ಗಾಯ ಅವಳ ಕಣ್ಣೆದುರಿಗೇ ಇತ್ತು, ಅವಳೂ ಹೇಳಲಿಲ್ಲ. ನಾನು ಮಗಳ ಬಾಯಿ ಮುಚ್ಚಿಸಿದ್ದನ್ನೂ ಆಮೇಲೆ “ಇಲ್ರಿ” ಎಂದದ್ದನ್ನೂ ಅವಳು ಕೇಳಿದ್ದಾಳೆ.